ಬೇಸ್‌ಮೆಂಟಿನಲ್ಲಿ ಗಾಂಧಾರ

ನಮ್ಮತ್ತೆ ಅಮೆರಿಕಕ್ಕೆ ಬಂದದ್ದು ಮಗನನ್ನು ನೋಡುವುದಕ್ಕಲ್ಲ. ಸೊಸೆಯನ್ನು ನೋಡುವುದಕ್ಕಂತೂ ಖಂಡಿತ ಅಲ್ಲ. ಅವರು ಬಂದದ್ದು ಗಾಂಧಾರಕ್ಕಾಗಿ ಜಗಳ ಆಡುವುದಕ್ಕೆ! ಗಾಂಧಾರ ಅಂದರೆ ಯಾವುದು ಎಂದು ನೀವು ಕೇಳುತ್ತೀರಿ. ಹೇಳಲು ಹೊರಟರೆ ನನಗೆ ಇವತ್ತಿಗೂ ಸಿಟ್ಟು ನೆತ್ತಿಗೇರುತ್ತದೆ. ಆದರೂ ಹೇಳುತ್ತೇನೆ. ಪೇಶಾವರ, ತಕ್ಷಶಿಲೆ ಅಂತೆಲ್ಲ ಕೇಳಿದ್ದೀರಲ್ಲ, ಆ ಕಡೆ ಇದ್ದ ಬಹು ಹಳೆಯ ರಾಜ್ಯ ಅದು. ಪರ್ಷಿಯನ್ನರಿಗೆ ಗೊತ್ತಿತ್ತು, ಗ್ರೀಕರಿಗೆ ಗೊತ್ತಿತ್ತು. ಶಕರು, ಕುಷಾಣರು, ಹೂಣರು ಎಲ್ಲರೂ ತಮ್ಮ ತಮ್ಮ ಸರದಿಯಲ್ಲಿ ಬಂದು ತುಳಿದು ಹೋಗಿದ್ದರು. ಕೊನೆಗೆ ರಾಜ್ಯವೇ ಇಲ್ಲವಾಯಿತು. ಹಾಗೆ ಇಲ್ಲವಾಗಿ ಎಷ್ಟೋ ಶತಮಾನ ಕಳೆದವು. ಇಲ್ಲದ ರಾಜ್ಯಕ್ಕಾಗಿ, ಅಮೆರಿಕದ ಫ್ಲಶಿಂಗಿನ ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ಕೂತು, ಇರುವ ಸೊಸೆಯ ಪ್ರಾಣ ಹಿಂಡುವುದು ಯಾವ ಊರಿನ ನ್ಯಾಯ ಹೇಳಿ?

ಅತ್ತೆ ಧಾರವಾಡದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿ ರಿಟೈರ್ ಆದವರು. ನಮ್ಮ ಮಾವ ತೀರಿಕೊಂಡ ಮೇಲೆ ಇವರು, ಅಂದರೆ ನನ್ನ ಯಜಮಾನರು, "ಅವ್ವ ಒಬ್ಬಳೇ ಅಲ್ಲಿ ಏನು ಮಾಡ್ತಾಳ" ಅಂತ ಎಪ್ಪತ್ತನೇ ಇಸವಿಯ ಬೇಸಿಗೆಯಲ್ಲಿ ಕರೆಸಿಕೊಂಡರು. ಏರ್‌ಪೋರ್ಟಿನಲ್ಲಿ ಅತ್ತೆ ಹೊರಗೆ ಬಂದಾಗ ನಾನು ಮೊದಲು ನೋಡಿದ್ದು ಅವರ ಮುಖವನ್ನಲ್ಲ, ತುರುಬಿನಲ್ಲಿ ಸಿಕ್ಕಿಸಿಕೊಂಡಿದ್ದ ಕೆಂಪು ಪೆನ್ಸಿಲನ್ನು. ಹೂವು ಮುಡಿಯುವ ಜಾಗದಲ್ಲಿ ಪೆನ್ಸಿಲ್! ರಿಟೈರ್ ಆದರೂ ಮಾರ್ಕು ಹಾಕುವ ಚಟ ಅವರನ್ನು ಬಿಟ್ಟಿರಲಿಲ್ಲ. ಟೀವಿಯಲ್ಲಿ ಪ್ರೆಸಿಡೆಂಟ್ ಭಾಷಣ ಮಾಡಿದರೆ ಪೇಪರಿನ ಅಂಚಿನಲ್ಲಿ "ಹತ್ತಕ್ಕೆ ಎರಡು" ಎಂದು ಬರೆದಿಡುತ್ತಿದ್ದರು. ನನ್ನ ಸಾರಿಗೆ ಬಂದ ದಿನವೇ ನಾಲ್ಕು ಸಿಕ್ಕಿತು.

"ಬೆಲ್ಲ ಹಾಕೀ ಏನು ಇದಕ್ಕ? ಸಾರೋ ಪಾಯಸೋ?" ಅಂದರು.

"ನಮ್ಮ ಮೈಸೂರು ಕಡೆ ಹಾಕ್ತೀವಿ ಅತ್ತೆ."

"ಗಂಗವಾಡಿಯವರು, ಗೊತ್ತಾತು ಬಿಡು. ನಾಕು ಅಂದ್ರ ಪಾಸ್ ಆತಲ್ಲ, ಯಾಕ ಮಾರಿ ಸಣ್ಣದು ಮಾಡ್ತಿ?"

ಇದು ಅವರ ಇನ್ನೊಂದು ಚಾಳಿ. ಯಾರೇ ಸಿಕ್ಕಲಿ, ಅವರನ್ನು ಈಗಿನ ದೇಶದಿಂದ ಎತ್ತಿ ಸಾವಿರಾರು ವರ್ಷ ಹಿಂದಿನ ರಾಜ್ಯದಲ್ಲಿ ಕೂರಿಸಿಬಿಡುವುದು. ನಾನು ಗಂಗವಾಡಿ. ತಾವು ಕುಂತಲ. ಡ್ರೈ ಕ್ಲೀನಿಂಗ್ ಅಂಗಡಿಯ ಇರಾನಿನವನು ಪಾರಸೀಕ. ಇವರ ಆಫೀಸಿನ ಬಿಹಾರಿ ಗೆಳೆಯ ಮನೆಗೆ ಬಂದರೆ, "ಬರ್ರಿ, ಮಗಧದವರು ಬರ್ರಿ" ಎಂದು ಸ್ವಾಗತ. ಆ ಮನುಷ್ಯ ಪಾಪ, "ಆಂಟೀಜಿ, ನಾನು ಕೊಲಂಬಸ್, ಓಹಾಯೋದಿಂದ ಬಂದೆ" ಅನ್ನುತ್ತಿದ್ದ.

ಆದರೆ ಹೊಡೆದಾಟಕ್ಕೆ ಇಟ್ಟುಕೊಂಡದ್ದು ಗಾಂಧಾರವನ್ನೇ. ಯಾಕೆ? ನಾನೂ ಕೇಳಿದ್ದೆ. "ಎಲ್ಲಾರೂ ಬಂದು ಅದನ್ನ ತಮ್ಮದು ಅಂದ್ರು. ಅದರ ಪರವಾಗಿ ಒಬ್ಬರರ ಮಾತಾಡಬ್ಯಾಡೇನು?" ಅಂದರು. ಆ ಒಬ್ಬರು ನಮ್ಮ ಮನೆಯಲ್ಲೇ ಇರಬೇಕಾಗಿತ್ತೇ?

ನಮ್ಮ ಬೀದಿಯ ಮೂಲೆಯಲ್ಲಿ ಒಬ್ಬ ಗ್ರೀಕನ ಡೈನರ್ ಇತ್ತು. ನೀಲಿ ಚಿತ್ತಾರದ ಕಾಗದದ ಲೋಟದಲ್ಲಿ ಕಾಫಿ ಕೊಡುತ್ತಿದ್ದ. ಗೋಡೆಯ ಮೇಲೆ ಅವರ ಆ ದೊಡ್ಡ ದೊರೆ ಕುದುರೆ ಏರಿದ ಚಿತ್ರ. ಯಾವ ದೊರೆ ಅಂತ ಶಾಲೆ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು. ಹೆಸರು ಹೇಳಲಾರೆ, ನಮ್ಮ ಮನೆಯಲ್ಲಿ ಆ ಹೆಸರಿಗೆ ನಿಷೇಧ ಇತ್ತು. ಬಾಯಿ ತಪ್ಪಿ ಬಂದರೆ ಅತ್ತೆ ಆ ಹೊತ್ತು ಊಟ ಬಿಡುತ್ತಿದ್ದರು. ಒಂದು ಮಧ್ಯಾಹ್ನ ಡೈನರಿನ ಗ್ರೀಕ, ಪಾಪ, ನಮ್ಮ ಸೀರೆ ನೋಡಿ ಸಲಿಗೆಯಿಂದ ಅಂದ: "ಫ್ರಮ್ ಇಂಡಿಯಾ? ನಮ್ಮ ದೊರೆ ನಿಮ್ಮ ದೇಶ ಗೆದ್ದಿದ್ದ, ಗೊತ್ತಾ?"

ಅತ್ತೆ ಲೋಟ ಕೆಳಗಿಟ್ಟರು.

"ಹೀ ಡಿಡ್ ನಾಟ್ ಕಾಂಕರ್!" ಹೈಸ್ಕೂಲಿನ ಕೊನೆ ಬೆಂಚಿಗೆ ಕೇಳಿಸುವ ದನಿ ಅದು. "ಹೀ ಕೇಮ್ ಅಪ್ ಟು ದಿ ರಿವರ್ ಅಂಡ್ ವೆಂಟ್ ಹೋಮ್! ಗಾಂಧಾರದಾಗ ನಿಮ್ಮವರು ಮನಿ ಮಾಡಿಕೊಂಡು ಕೂತರು, ಅವರ ಅನ್ನ ಉಂಡರು, ಕೊನೀಗೆ ಶಿಲ್ಪದ ಮ್ಯಾಲೆ ತಮ್ಮ ಪ್ರಭಾವ ಅಂತ ಬರಸ್ಕೊಂಡರು!" ಅರ್ಧ ಇಂಗ್ಲಿಷು, ಅರ್ಧ ಧಾರವಾಡ. ಡೈನರಿನಲ್ಲಿ ಹ್ಯಾಂಬರ್ಗರ್ ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು.

"ಗಾಂಧಾರ?" ಅಂದ ಅವನು. "ಅದೇನು, ಹೊಸ ರೆಸ್ಟೋರೆಂಟಾ?"

"ಯುವರ್ ಗ್ರ್ಯಾಂಡ್‌ಫಾದರ್ಸ್ ನ್ಯೂ ಇಟ್! ಗಂದಾರಿಯೋಯ್ ಅಂತ ಬರೆದಿಟ್ಟಾರ!"

"ಲೇಡಿ," ಅವನು ಶಾಂತವಾಗಿ ಕೌಂಟರ್ ಒರೆಸುತ್ತ ಹೇಳಿದ, "ಮೈ ಗ್ರ್ಯಾಂಡ್‌ಫಾದರ್ ಸೋಲ್ಡ್ ಫಿಶ್."

ಅತ್ತೆ ಬಿಲ್ಲಿನ ಹಿಂದೆ ಕೆಂಪು ಪೆನ್ಸಿಲಿನಲ್ಲಿ ಒಂದು ದೊಡ್ಡ ಸೊನ್ನೆ ಸುತ್ತಿ ಎದ್ದರು. ಅವನು ಅದನ್ನು ನಗುವ ಮುಖದ ಚಿತ್ರ ಅಂದುಕೊಂಡನೋ ಏನೋ, ಗೋಡೆಗೆ ಅಂಟಿಸಿದ! ಅಂದಿನಿಂದ ಅತ್ತೆಗೆ ರೈಸ್ ಪುಡಿಂಗ್ ಪುಕ್ಕಟೆ. ಸಿಟ್ಟು ಮಾಡಿದವರಿಗೆ ಪುಡಿಂಗು, ಬಾಯಿ ಮುಚ್ಚಿಕೊಂಡು ಕೂತ ನನಗೆ ಬಿಲ್ಲು.

ಇನ್ನು ಮ್ಯೂಸಿಯಮ್ಮಿನ ಕಥೆ. ಮ್ಯಾನ್‌ಹ್ಯಾಟನ್ನಿನ ಒಂದು ಮ್ಯೂಸಿಯಮ್ಮಿನಲ್ಲಿ ಗಾಂಧಾರದ ಶಿಲ್ಪಗಳಿವೆ ಅಂತ ಇವರು ಬಾಯಿ ತಪ್ಪಿ ಹೇಳಿಬಿಟ್ಟರು. ಹೇಳಿದವರು ಆಫೀಸಿಗೆ ಹೋದರು, ಕರೆದುಕೊಂಡು ಹೋಗುವ ಕರ್ಮ ನನ್ನದು. ಏಳನೇ ನಂಬರಿನ ಟ್ರೇನಿನಲ್ಲಿ ಹೋಗಿ, ಇಳಿದು, ಬಸ್ಸು ಹಿಡಿದು, ನಡೆದು ಆ ಕೋಣೆ ಮುಟ್ಟಿದೆವು. ಬೂದು ಬಣ್ಣದ ಕಲ್ಲಿನಲ್ಲಿ ಆಳೆತ್ತರದ ಬುದ್ಧ. ಅಲೆ ಅಲೆ ಕೂದಲು, ನಿರಿಗೆ ನಿರಿಗೆ ಹೊದಿಕೆ. ಪಕ್ಕದಲ್ಲಿ ಮೀಸೆ ಬಿಟ್ಟ ಒಬ್ಬ ಬೋಧಿಸತ್ವ, ನಮ್ಮೂರಿನ ಯಾವುದೋ ಸಾಹುಕಾರನ ಹಾಗೆ ಒಡವೆ ಹಾಕಿಕೊಂಡು ನಿಂತಿದ್ದ. ಅತ್ತೆ ಹತ್ತಿರ ಹೋಗಿ ನಿಂತರು. ಪಠ್ಯಪುಸ್ತಕದಲ್ಲಿ ಅಂಚೆ ಚೀಟಿಯಷ್ಟು ಮಸುಕು ಚಿತ್ರ ತೋರಿಸಿಕೊಂಡೇ ಬದುಕೆಲ್ಲ ಪಾಠ ಮಾಡಿದವರು. ದೇಶ ಹೋಳಾದ ಮೇಲೆ ಆ ಕಡೆ ಹೋಗುವ ಮಾತೇ ಇರಲಿಲ್ಲ. ಕಣ್ಣು ತುಂಬಿ ಬಂದದ್ದು ನನಗೆ ಕಾಣಿಸಿತು. ಸದ್ಯ, ಇವತ್ತೊಂದು ದಿನ ಜಗಳ ಇಲ್ಲ ಅಂದುಕೊಂಡೆ.

ಆಗ ಅವರು ಲೇಬಲ್ ಓದಿದರು.

"ನೋಡಿಲ್ಲೆ," ಅಂದರು. "ಗ್ರೀಕರ ಪ್ರಭಾವ ಅಂತ ಅದ. ಯಾರು ದಾನ ಕೊಟ್ಟಾರ ಅವರ ಹೆಸರದ, ಅವರ ಹೆಂಡತಿ ಹೆಸರೂ ಅದ. ಕೆತ್ತಿದವರು ಯಾರು? ಯಾವ ಮಂದಿ? ಅದಽ ಇಲ್ಲಲ್ಲ!"

"ಅತ್ತೆ, ಅದು ಅವರಿಗೂ ಗೊತ್ತಿರಲ್ಲ."

"ಗೊತ್ತಿಲ್ಲ ಅಂತರ ಬರೀಬೇಕಲ್ಲ! ಉತ್ತರ ಗೊತ್ತಿಲ್ಲಂದ್ರ ಪ್ರಶ್ನೆ ಹಾರಿಸಿ ಹೋಗೂದೇನು? ನಮ್ಮ ಸಾಲ್ಯಾಗ ಹಿಂಗ ಮಾಡಿದ್ರ ಕಿವಿ ಹಿಂಡ್ತಿದ್ದೆ."

ನಾನು "ಅತ್ತೆ, ಬೇಡಿ" ಅನ್ನುವುದರೊಳಗೆ ತುರುಬಿನಿಂದ ಪೆನ್ಸಿಲ್ ಇಳಿದಿತ್ತು. ಲೇಬಲಿನ ಮೇಲೆ, ಅಚ್ಚುಕಟ್ಟಾದ ಅಕ್ಷರದಲ್ಲಿ, "ಅಪೂರ್ಣ ಉತ್ತರ. ೩/೧೦" ಎಂದು ಬರೆದೇಬಿಟ್ಟರು! ಅದೂ ಕನ್ನಡದಲ್ಲಿ!

ಆರಡಿ ಎತ್ತರದ ಕಾವಲುಗಾರ ಬಂದ. ಗ್ರೀನ್ ಕಾರ್ಡ್ ಹೋಯಿತು, ಇವರ ಕೆಲಸ ಹೋಯಿತು, ನಾಳೆ ಪೇಪರಿನಲ್ಲಿ ನಮ್ಮ ಫೋಟೋ ಬಂತು ಎಂದುಕೊಂಡೆ. "ಮ್ಯಾಮ್, ಇದೇನು ಬರೆದಿರೋದು?" ಎಂದು ಗುಡುಗಿದ.

"ಅದು... ಬ್ಲೆಸಿಂಗ್," ಅಂದೆ. ಇನ್ನೇನು ಹೇಳಲಿ?

ಅವನು ಬಗ್ಗಿ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಜೇಬಿನಿಂದ ರಬ್ಬರ್ ತೆಗೆದು ಮೆತ್ತಗೆ ಉಜ್ಜಿದ. "ಗಾಡ್ ಬ್ಲೆಸ್ ಯೂ ಟೂ, ಮ್ಯಾಮ್," ಎಂದ. "ಬಟ್ ನೋ ಮೋರ್ ಬ್ಲೆಸಿಂಗ್ಸ್ ಇನ್ ದಿಸ್ ಗ್ಯಾಲರಿ." ವಾಪಸ್ ಬರುವಾಗ ಟ್ರೇನಿನಲ್ಲಿ ನಾನು ಅತ್ತೆಯ ಜೊತೆ ಒಂದು ಮಾತೂ ಆಡಲಿಲ್ಲ. ಅವರಿಗೆ ಅದು ಗೊತ್ತಾದ ಹಾಗೂ ಕಾಣಲಿಲ್ಲ.

ಇಷ್ಟೆಲ್ಲ ಆದರೂ ಗಾಂಧಾರ ಮನೆಯಿಂದ ಹೊರಗೆಲ್ಲೋ ಇತ್ತು, ತಡೆದುಕೊಂಡಿದ್ದೆ. ಅದು ನಮ್ಮ ಬಿಲ್ಡಿಂಗಿನೊಳಕ್ಕೇ ಬಂದದ್ದು ಬೀಬೀಜಿಯಿಂದ.

ಬೀಬೀಜಿ ಅಂದರೆ ಮೂರನೇ ಮಹಡಿಯ ಪಾಕಿಸ್ತಾನಿ ಡಾಕ್ಟರ ತಾಯಿ. ಬಿಳಿ ದುಪಟ್ಟಾ, ಗೋಧಿ ಬಣ್ಣ, ಅತ್ತೆಯ ವಯಸ್ಸೇ. ಶನಿವಾರ ಬೆಳಿಗ್ಗೆ ಬೇಸ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ ಇಬ್ಬರೂ ಎದುರುಬದುರು ಸಿಕ್ಕರು. ಅತ್ತೆ ತಮ್ಮ ಹುಬ್ಬಳ್ಳಿ-ಧಾರವಾಡದ ಉರ್ದುವಿನಲ್ಲಿ ಯಾವೂರು ಎಂದು ಕೇಳಿದರು. ಬೀಬೀಜಿ ತಮ್ಮ ಕಡೆಯ ಉರ್ದುವಿನಲ್ಲಿ, ಪೇಶಾವರದಿಂದ ಒಳಗೆ ಒಂದು ಹಳ್ಳಿ ಎಂದರು. ಇಬ್ಬರ ಉರ್ದುವಿಗೂ ಅಣ್ಣ-ತಮ್ಮಂದಿರ ಸಂಬಂಧ ಕೂಡ ಇರಲಿಲ್ಲ. ಆದರೂ ಅದು ಹೇಗೋ ನಡೆಯಿತು. ನನಗೆ ಸ್ಕೂಲಿನ ಹಿಂದಿಯಿಂದ ಅರ್ಧಂಬರ್ಧ ತಿಳಿದದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಯ್ಯ! ಗಾಂಧಾರದವರೇನ್ರೀ ನೀವು!" ಅತ್ತೆ ಬೀಬೀಜಿಯ ಎರಡೂ ಕೈ ಹಿಡಿದುಕೊಂಡರು. ತವರಿನವರು ಸಿಕ್ಕರೂ ಅಷ್ಟು ಸಂಭ್ರಮಪಟ್ಟವರಲ್ಲ!

"ಅದ್ಯಾರು ಗಾಂಧಾರದವರು? ನಮ್ಮ ಹತ್ತಿರ ಆ ಹೆಸರಿನವರಿಲ್ಲ," ಅಂದರು ಬೀಬೀಜಿ.

ಅತ್ತೆ ವಾಷಿಂಗ್ ಮೆಷೀನಿಗೆ ಒರಗಿ ಪಾಠ ಶುರು ಮಾಡಿದರು. ಕಲ್ಲು, ಬುದ್ಧ, ಗ್ರೀಕರು, ಲೇಬಲ್ಲು, ಎಲ್ಲಾ. ಬೀಬೀಜಿ ಪೂರ್ತಿ ಕೇಳಿ, "ಓ, ಆ ಕಲ್ಲುಗಳಾ!" ಅಂದರು. "ನಮ್ಮ ಹೊಲ ಉಳುವಾಗ ಸಿಗುತ್ತಿದ್ದವು. ಒಂದು ತಲೆಯನ್ನು ನಮ್ಮಪ್ಪ ಬಾಗಿಲು ಗಾಳಿಗೆ ಬಡಿಯದ ಹಾಗೆ ಅಡ್ಡ ಇಟ್ಟಿದ್ದ. ಗುಂಗುರು ಕೂದಲು, ಚೆನ್ನಾಗಿತ್ತು."

"ಬಾಗಲಾಗ!" ಅತ್ತೆ ಕೂಗಿದ್ದಕ್ಕೆ ಬೇಸ್‌ಮೆಂಟಿನ ಬಾಯ್ಲರ್ ಕೂಡ ಸುಮ್ಮನಾಯಿತೇನೋ. "ಗಾಂಧಾರದ ಶಿಲ್ಪ ಬಾಗಲಾಗ ಇಟ್ರೇನ್ರೀ! ಅದು ನಮ್ಮ ಚರಿತ್ರೆ!"

"ನಮ್ಮ ಮನೆ, ನಮ್ಮ ಬಾಗಿಲು, ನಮ್ಮ ಕಲ್ಲು," ಅಂದರು ಬೀಬೀಜಿ. "ನಿಮ್ಮದು ಹೇಗಾಯಿತು ಬೆಹನ್‌ಜಿ? ನೀವು ಆ ಕಡೆ ಒಂದು ಸಲವಾದರೂ ಬಂದಿದ್ದೀರಾ?"

ಮುಗಿಯಿತು! ಅವತ್ತಿನಿಂದ ಪ್ರತಿ ಶನಿವಾರ ಬೆಳಿಗ್ಗೆ ಗಾಂಧಾರದ ವಿಚಾರಣೆ. ಇಬ್ಬರೂ ಎರಡು ಕುರ್ಚಿ ಎಳೆದುಕೊಂಡು ಡ್ರೈಯರಿನ ಮುಂದೆ ಕೂರುವರು. ಡ್ರೈಯರಿಗೆ ಒಂದು ಡೈಮ್, ಅಂದರೆ ಹತ್ತು ಸೆಂಟಿನ ನಾಣ್ಯ, ಹಾಕಿದರೆ ಇಷ್ಟು ಹೊತ್ತು ಅಂತ ತಿರುಗುತ್ತದೆ. ಅದು ನಿಂತರೂ ಇಬ್ಬರ ವಾದ ನಿಂತಿರುವುದಿಲ್ಲವಲ್ಲ? "ಒಣಗಿಲ್ಲ, ಒಣಗಿಲ್ಲ" ಎಂದು ಇನ್ನೊಂದು ಡೈಮ್ ತುರುಕುವರು. ನಮ್ಮ ಬಟ್ಟೆ ಹಪ್ಪಳವಾಗಿ ಮೇಲೆ ಬರುತ್ತಿತ್ತು. ಇವರ ಒಳ್ಳೊಳ್ಳೆ ಷರಟುಗಳು ಕುಗ್ಗಿ ಕುಗ್ಗಿ ಮೊಳಕೈ ಹತ್ತಿದವು. ಆಫೀಸಿಗೆ ಏನು ಹಾಕಿಕೊಂಡು ಹೋಗಲಿ ಎಂದು ಇವರು ನನ್ನ ಮೇಲೆ ಕೂಗಾಡುವರು. ನಾನು ಅತ್ತೆಯ ಮೇಲೆ ಕೂಗಾಡಲಾದೀತೇ? ಪಾತ್ರೆಗಳ ಮೇಲೆ ಕೂಗಾಡಿದೆ.

"ಅತ್ತೆ, ಒಣಗಿದ ಬಟ್ಟೆಗೆ ಯಾಕೆ ದುಡ್ಡು ಸುರೀತೀರಿ?" ಅಂತ ಒಂದು ದಿನ ಕೇಳಿಯೇಬಿಟ್ಟೆ.

"ಇನ್ನೂ ಒಣಗಿದ್ದಿಲ್ಲವ್ವಾ," ಅಂದರು, ಸುಡುತ್ತಿದ್ದ ಸೀರೆ ಮಡಚುತ್ತ.

ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿದ್ದು ಒಂದೇ ಒಂದು ವಿಷಯದಲ್ಲಿ. ಗ್ರೀಕರದ್ದಂತೂ ಅಲ್ಲ! ಅಷ್ಟು ಬಿಟ್ಟರೆ, ನಿಮ್ಮದಲ್ಲ, ನಮ್ಮದು, ನಿಮ್ಮದಲ್ಲ, ನಮ್ಮದು. ಆದರೆ ಶುಕ್ರವಾರ ಸಂಜೆಯೇ ಅತ್ತೆ ಕರದಂಟು ಡಬ್ಬಿಗೆ ತುಂಬಿಡುವರು. ಬೀಬೀಜಿ ಬಾದಾಮಿ, ಒಣ ಏಪ್ರಿಕಾಟ್ ತರುವರು. ಬೀಬೀಜಿಗೆ ಮಂಡಿ ನೋವು ಅಂತ ಕುರ್ಚಿಗೆ ನಮ್ಮ ಸೋಫಾದ ದಿಂಬು ಬೇರೆ ಇಳಿಯಿತು. ದಿಂಬು ಮತ್ತೆ ಮೇಲೆ ಬರಲೇ ಇಲ್ಲ.

ಎಪ್ಪತ್ತೊಂದರ ಡಿಸೆಂಬರಿನಲ್ಲಿ ಇಂಡಿಯಾ-ಪಾಕಿಸ್ತಾನದ ಯುದ್ಧ ಶುರುವಾಯಿತು.

ನಮ್ಮ ಮನೆಯಲ್ಲಿ ನಾಲ್ಕು ಕನ್ನಡದ ಸಂಸಾರಗಳು ಸೇರಿ ಟೀವಿ ಮುಂದೆ ಕೂತಿದ್ದೆವು. ಎಲ್ಲರ ಮೈಯಲ್ಲೂ ಬಿಸಿ. ಪಕ್ಕದ ಜೆರಿಕೋ ಊರಿನಿಂದ ಬಂದಿದ್ದ ನಮ್ಮ ಕನ್ನಡದ ಡಾಕ್ಟರೊಬ್ಬರು, "ಆ ಮೂರನೇ ಮಹಡಿಯವರ ಜೊತೆ ನಿಮ್ಮ ತಾಯಿಯವರು ಬಹಳ ಕ್ಲೋಸ್ ಅಂತೆ? ಹುಷಾರಾಗಿರಿ" ಎಂದರು. ಇವರು ತಲೆ ತಗ್ಗಿಸಿದರು. ಆಮೇಲೆ ಅತ್ತೆಯ ಕಡೆ ತಿರುಗಿ, "ಅವ್ವಾ, ಸ್ವಲ್ಪ ದಿನ ಕೆಳಗ ಹೋಗಬ್ಯಾಡ" ಅಂದರು.

ಅತ್ತೆ ಎದ್ದು ನಿಂತರು. "ನಮ್ಮವರು ಗೆಲ್ಲಲಿ ಅಂತ ನಾನೂ ದೇವರ ಮುಂದ ದೀಪ ಹಚ್ಚೀನಿ. ಆದರ ಬೀಬೀಜಿ ಯಾವ ವಿಮಾನ ಹಾರಿಸ್ಯಾಳ? ಆಕಿಗೆ ಎಸ್ಕಲೇಟರ್ ಹತ್ತಲಿಕ್ಕೆ ಅಂಜಿಕಿ! ನೀವು ಇಷ್ಟು ಮಂದಿ ಓದಿದವರು. ಎಲ್ಲಾರಿಗೂ ಸೊನ್ನಿ!" ಎಂದು ಒಬ್ಬೊಬ್ಬರ ಕಡೆಗೂ ಪೆನ್ಸಿಲ್ ತೋರಿಸಿದರು. ಬಂದವರು ನಾನು ಮಾಡಿದ್ದ ಬಿಸಿಬೇಳೆಬಾತನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದರು. ನನಗೆ ಅವರ ಮೇಲೂ ಸಿಟ್ಟು, ಅತ್ತೆಯ ಮೇಲೂ ಸಿಟ್ಟು. ಅಷ್ಟು ಬಾತು ಯಾರು ತಿನ್ನಬೇಕಾಗಿತ್ತು?

ಶನಿವಾರ ಅತ್ತೆ ಎಂದಿನ ಹಾಗೆ ಡಬ್ಬಿ ಹಿಡಿದು ಇಳಿದರು. ಬೀಬೀಜಿ ಬರಲಿಲ್ಲ. ಮೇಲೆಯೂ ಇದೇ ಮಾತು ನಡೆದಿತ್ತಂತೆ. ಮಗ ತಾಯಿಯನ್ನು ತಡೆದಿದ್ದ. ಅವರ ಬಟ್ಟೆ ಈಗ ಹೊರಗಿನ ಲಾಂಡ್ರೊಮ್ಯಾಟಿಗೆ ಹೋಗುತ್ತಿತ್ತು. ಯುದ್ಧ ಮುಗಿಯಿತು, ಕ್ರಿಸ್‌ಮಸ್ ಬಂತು, ಹಿಮ ಬಿತ್ತು. ಬೀಬೀಜಿ ಬರಲಿಲ್ಲ. ಎದುರಿಗೆ ದಿಂಬು ಹಾಕಿದ ಖಾಲಿ ಕುರ್ಚಿ ಇಟ್ಟುಕೊಂಡು ಅತ್ತೆ ಕೂತಿರುತ್ತಿದ್ದರು. ಯಾರಾದರೂ ಅದರ ಮೇಲೆ ಬುಟ್ಟಿ ಇಟ್ಟರೆ, "ಸಮ್‌ಬಡಿ ಈಸ್ ಸಿಟ್ಟಿಂಗ್!" ಎಂದು ಗದರುವರು. ಬಟ್ಟೆ ಮಾತ್ರ ಒಂದೇ ಡೈಮಿಗೆ ಒಣಗಿ ಮೇಲೆ ಬರುತ್ತಿತ್ತು. ಇವರ ಷರಟುಗಳು ಉಳಿದವು. ನಾನು ಸಂತೋಷಪಡಬೇಕಾಗಿತ್ತು, ಅಲ್ಲವೇ? ಆಗಲಿಲ್ಲ. ಮನೆಯಲ್ಲಿ ಮಾರ್ಕೂ ಇಲ್ಲ, ಜಗಳವೂ ಇಲ್ಲ. ಸಾರು ಬಡಿಸಿದರೆ ಸುಮ್ಮನೆ ಉಂಡು ಏಳುತ್ತಿದ್ದರು. ನನಗೆ ಉರಿದುಹೋಗುತ್ತಿತ್ತು. ನಾಲ್ಕಾದರೂ ಕೊಡಿ ಎಂದು ಬಾಯಿ ಬಿಟ್ಟು ಕೇಳುವುದೇ?

ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಬಿಲ್ಡಿಂಗಿನ ಮುಂದೆ ಲಾರಿ ನಿಂತಿತು. ಬೀಬೀಜಿಯ ಮಗನಿಗೆ ಬೇರೆ ರಾಜ್ಯದಲ್ಲಿ ಕೆಲಸ ಸಿಕ್ಕಿತ್ತು. ಅತ್ತೆ ಕಿಟಕಿಯಿಂದ ನೋಡಿದವರೇ ಮನೆಯ ಚಪ್ಪಲಿಯಲ್ಲೇ ಹಿಮ ತುಳಿದುಕೊಂಡು ಓಡಿದರು. ಕೋಟು ಹಿಡಿದುಕೊಂಡು ಹಿಂದೆ ನಾನು! ಬೀಬೀಜಿ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದರು. ಅತ್ತೆ ಗಾಜಿನ ಮೇಲೆ ಪೆನ್ಸಿಲಿನಿಂದ ಟಕಟಕ ಬಡಿದರು. ಗಾಜು ಇಳಿಯಿತು. ಮಗ ಸ್ಟೀರಿಂಗ್ ಹಿಡಿದು ಮುಂದೆಯೇ ನೋಡುತ್ತಿದ್ದ.

ಬೀಬೀಜಿ ಗದ್ದ ಎತ್ತಿ, "ನಮ್ಮದು" ಅಂದರು.

"ನಮ್ಮದು!" ಅಂದರು ಅತ್ತೆ.

ಕಾರು ಹೊರಟಿತು. ನನಗೆ ಮೈಯೆಲ್ಲ ಉರಿ. ಇಷ್ಟು ದಿನ ಒಟ್ಟಿಗೆ ಕೂತವರು, ಹೋಗುವ ಹೊತ್ತಿನಲ್ಲಿ ಒಂದು ಒಳ್ಳೆಯ ಮಾತು ಆಡಬಾರದೇ? ಆ ಮಗನಿಗೆ ಏನು ಬಂದಿತ್ತು ರೋಗ, ಒಂದು ನಿಮಿಷ ಇಳಿದು ನಿಂತಿದ್ದರೆ? ನಮ್ಮವರಿಗೆ ಏನಾಗಿತ್ತು? ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬೈಯಬೇಕು ಅನ್ನಿಸಿತು. ಎದುರಿಗಿದ್ದದ್ದು ಅತ್ತೆ ಒಬ್ಬರೇ. ಕಾಲು ಒದ್ದೆ ಮಾಡಿಕೊಂಡದ್ದಕ್ಕೆ ಅವರನ್ನೇ ಬೈದೆ.

ಮುಂದಿನ ಶನಿವಾರ ಬುಟ್ಟಿ ಇಳಿಸಿಕೊಡಲು ನಾನೂ ಹೋದೆ. ವಾಪಸ್ ಹತ್ತಲು ಹೊರಟವಳನ್ನು ಅತ್ತೆ ಕರೆದರು.

"ಕೂಡಿಲ್ಲೆ."

"ಒಲೆ ಮೇಲೆ ಅನ್ನ ಇದೆ ಅತ್ತೆ."

"ಆರಿಸಿ ಬಂದೀ, ನಾ ನೋಡೀನಿ. ಕೂಡು. ಗಾಂಧಾರದ ಕಡಿಂದ ಇವತ್ತು ನೀ ಮಾತಾಡು."

ನನಗೆ ರೇಗಿತು. ನನಗೂ ಗಾಂಧಾರಕ್ಕೂ ಏನು ಸಂಬಂಧ? ಮೈಸೂರಿನವಳು ನಾನು, ಗಂಗವಾಡಿ! ಆದರೂ ಆ ದಿಂಬಿನ ಮೇಲೆ ಕೂತೆ. ಕೂತು, ಇಷ್ಟು ದಿನದ ಸಿಟ್ಟನ್ನೆಲ್ಲ ಸೇರಿಸಿ, ಬೀಬೀಜಿಯ ಹಾಗೆಯೇ ಗದ್ದ ಎತ್ತಿ ಜೋರಾಗಿ ಹೇಳಿದೆ: "ನಮ್ಮ ಮನೆ, ನಮ್ಮ ಬಾಗಿಲು, ನಮ್ಮ ಕಲ್ಲು! ನಿಮ್ಮದು ಹೇಗಾಯಿತು? ನೀವು ಆ ಕಡೆ ಒಂದು ಸಲವಾದರೂ ಬಂದಿದ್ದೀರಾ?"

ಅತ್ತೆಯ ಕೈ ಅಭ್ಯಾಸದಿಂದ ಪೆನ್ಸಿಲಿಗೆ ಹೋಯಿತು. ಅಲ್ಲಿಯೇ ನಿಂತಿತು. ಡ್ರೈಯರಿನ ಗಾಜಿನೊಳಗೆ ಬಟ್ಟೆ ತಿರುಗುವ ಕಡೆ ನೋಡಿದರು.

"ಖರೇ ಅದರೀ," ಅಂದರು. "ನಿಮ್ಮದಽ. ನಾ ಬಂದಿಲ್ಲ."

ನನ್ನನ್ನು ಅವರು ಎಂದೂ ಬಹುವಚನದಲ್ಲಿ ಮಾತಾಡಿಸಿದವರಲ್ಲ. ಬೀಬೀಜಿ ಇದ್ದಾಗ ಈ ಮಾತು ಹೇಳಬಾರದಾಗಿತ್ತೇ, ಪುಣ್ಯಾತ್ಮರೇ, ಎಂದು ಕೂಗಬೇಕೆನ್ನಿಸಿತು. ಕೂಗಲಿಲ್ಲ. ಡ್ರೈಯರ್ ನಿಂತಿತು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, ಮುಖ ಆ ಕಡೆ ಮಾಡಿ, "ಅರಿವಿ ಒಣಗ್ಯಾವೇನು ನೋಡವಾ" ಅಂದರು.

ಬಾಗಿಲು ತೆಗೆದು ಕೈ ಹಾಕಿದೆ. ಎಲ್ಲವೂ ಗರಿಗರಿಯಾಗಿ ಒಣಗಿದ್ದವು.

"ಇನ್ನೂ ಇಲ್ಲ ಅತ್ತೆ," ಅಂದು ಬಾಗಿಲು ಮುಚ್ಚಿ, ಇನ್ನೊಂದು ಡೈಮ್ ಹಾಕಿದೆ.